ಜನವರಿ ತಿಂಗಳ ಹಾಜರಿ ಪುಸ್ತಕ

ಕೊಡಗಿನ ಸಿದ್ದಾಪುರದ ಕಡೆ ಕಾಫಿ ಕೊಯ್ಲು ಜೋರಾಗಿದೆಯೋ ಇಲ್ಲವೋ ತಿಳಿಯಲು ನಾನು ತೋಟಕ್ಕೆ ಹೋಗಬೇಕಾಗಿಲ್ಲ. ಹಾಜರಿ ಪುಸ್ತಕ ತೆಗೆದರೆ ಸಾಕು. ಜೂನ್, ಜುಲೈನಲ್ಲಿ ಮಳೆ ರಜೆ. ಆಗಸ್ಟಿನಿಂದ ಡಿಸೆಂಬರ್‌ವರೆಗೆ ಸಾಲುಗಳು ತುಂಬಿರುತ್ತವೆ. ಜನವರಿ ಹುಟ್ಟಿತೋ, ಗೈರುಹಾಜರಿಗೆ ಕೆಂಪು ಶಾಯಿಯ 'ಗೈ' ಶುರು. ರೊಬಸ್ಟಾ ಕಾಫಿ ಹಣ್ಣಾದ ಹಾಗೆ ಪುಸ್ತಕವೂ ಕೆಂಪಾಗುತ್ತಾ ಹೋಗುತ್ತದೆ. ಹೂಮಳೆ ಬಿದ್ದು, ಕಾಫಿ ಹೂ ಬಿಟ್ಟು ತೋಟ ಬೆಳ್ಳಗಾಗುವ ಹೊತ್ತಿಗೆ ಮಕ್ಕಳು ಒಬ್ಬೊಬ್ಬರಾಗಿ ವಾಪಸ್ ಬರುತ್ತಾರೆ. ಎಲ್ಲರೂ ಬರುವುದಿಲ್ಲ. ಅಷ್ಟರಲ್ಲಿ ಪರೀಕ್ಷೆ ಬಾಗಿಲಲ್ಲಿ ನಿಂತಿರುತ್ತದೆ.

ನಮ್ಮದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದು. ಇಬ್ಬರು ಟೀಚರ್‌ಗಳು, ಒಬ್ಬರು ಅತಿಥಿ ಶಿಕ್ಷಕಿ. (ಅವರ ಗೌರವಧನ ಯಾವ ತಿಂಗಳದ್ದು ಯಾವ ತಿಂಗಳಿಗೆ ಬರುತ್ತದೆ ಅನ್ನುವುದೇ ಇನ್ನೊಂದು ಬರಹ ಆಗುತ್ತದೆ, ಇವತ್ತು ಬೇಡ.) ಸುತ್ತ ತೋಟ. ಮಕ್ಕಳು ಬರುವುದು ತೋಟದ ಕೂಲಿಯವರ ಲೈನ್ ಮನೆಗಳಿಂದ, ಆದಿವಾಸಿಗಳ ಹಾಡಿಯಿಂದ, ರಸ್ತೆ ಪಕ್ಕದ ನಾಲ್ಕೈದು ಮನೆಗಳಿಂದ. ಆನೆ ದಾರಿಯಲ್ಲಿದ್ದರೆ ತಡವಾಗಿ ಬರುತ್ತಾರೆ, ಅದಕ್ಕೆ ನಾವು ಕಾರಣ ಕೇಳುವುದಿಲ್ಲ.

ಈ ಎರಡು ಮೂರು ವರ್ಷಗಳಲ್ಲಿ ಶಾಲೆಯ ಬಗ್ಗೆ ರಾಜ್ಯದಲ್ಲಿ ನಡೆದಷ್ಟು ಚರ್ಚೆ ನನ್ನ ಸರ್ವಿಸ್‌ನಲ್ಲೇ ನೋಡಿರಲಿಲ್ಲ. ಐದು, ಎಂಟಕ್ಕೆ ಬೋರ್ಡ್ ಪರೀಕ್ಷೆ ಬೇಕೋ ಬೇಡವೋ. ಫೇಲ್ ಮಾಡಬೇಕೋ ಬೇಡವೋ. ಎಸ್ಸೆಸ್ಸೆಲ್ಸಿ ಪಾಸಿಗೆ 35 ಸಾಕೋ 33 ಸಾಕೋ. ಕನ್ನಡವೋ ಇಂಗ್ಲಿಷೋ. ಸಣ್ಣ ಶಾಲೆಗಳನ್ನು ದೊಡ್ಡ ಪಬ್ಲಿಕ್ ಶಾಲೆಗೆ ಸೇರಿಸಬೇಕೋ ಬೇಡವೋ. ಟಿವಿ ನೋಡುತ್ತಾ ಊಟ ಮಾಡುವಾಗ ನನಗೆ ಪ್ರತಿ ಸಲ ಒಂದೇ ಯೋಚನೆ: ಇವರಲ್ಲಿ ಯಾರಾದರೂ ಜನವರಿ ಬಗ್ಗೆ ಮಾತಾಡುತ್ತಾರಾ?

ಒಬ್ಬ ಹುಡುಗನ ಕಥೆ ಹೇಳಿಬಿಡುತ್ತೇನೆ. ಆಗ ನನ್ನ ಮಾತು ಅರ್ಥ ಆಗಬಹುದು.

ಅವನು ನಮ್ಮಲ್ಲಿಗೆ ಬಂದದ್ದು 2022ರ ಜುಲೈನಲ್ಲಿ, ಜಡಿಮಳೆಯಲ್ಲಿ, ಅಪ್ಪನ ಪ್ಲಾಸ್ಟಿಕ್ ಕೊಪ್ಪೆಯೊಳಗೆ ಅರ್ಧ ಮುಖ ತೋರಿಸಿಕೊಂಡು. ಅಸ್ಸಾಮಿನವರು. ವಯಸ್ಸು ಒಂಬತ್ತು. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಹಾಗಾಗಿ ನೇರ ನಾಲ್ಕನೇ ತರಗತಿ. ಹಾಗೆ ಸೇರಿಸಿದ ಮಗುವಿಗೆ ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕು ಅಂತಲೂ ಅದೇ ಕಾಯ್ದೆಯಲ್ಲಿದೆ. ಸೇರಿಸುವ ಭಾಗ ಒಂದು ಸಹಿಯಲ್ಲಿ ಮುಗಿಯಿತು. ತರಬೇತಿಯ ಭಾಗ ನಾನೇ. ಜೊತೆಗೆ ನಾಲ್ಕನೆಯದೂ, ಐದನೆಯದೂ ನಂದೇ.

ಅದು ಕಲಿಕಾ ಚೇತರಿಕೆಯ ವರ್ಷ. ಕೊರೊನಾದಲ್ಲಿ ಹೋದ ಕಲಿಕೆ ವಾಪಸ್ ತರಲು ರಾಶಿ ರಾಶಿ ಕಲಿಕಾ ಹಾಳೆಗಳು. ಹುಡುಗ ಸುಮ್ನೆ ಕೂತು ಎಲ್ಲ ಹಾಳೆ ತುಂಬುತ್ತಿದ್ದ. ಬೋರ್ಡ್ ಮೇಲೆ ಬರೆದದ್ದನ್ನು ಪುಸ್ತಕಕ್ಕೆ ಇಳಿಸುತ್ತಿದ್ದ. ಅಕ್ಷರವೋ, ಮುತ್ತು. ಶಾಲೆ ನೋಡಲು ಬಂದ ಅಧಿಕಾರಿಯೊಬ್ಬರು ಅವನ ನೋಟ್ ಪುಸ್ತಕವನ್ನೇ ಎತ್ತಿ ಹಿಡಿದು "ನೋಡಿ, ಅಕ್ಷರ ಎಷ್ಟು ದುಂಡಗಿದೆ" ಅಂದರು. ನಾನೂ ಹಿಗ್ಗಿದೆ. ಸುಳ್ಳು ಯಾಕೆ ಹೇಳಲಿ.

ಅಕ್ಟೋಬರ್‌ನಲ್ಲಿ, ದಸರಾ ರಜೆ ಮುಗಿದ ಮೇಲೆ, ಅವನೇ ಬರೆದ ಸಾಲಿನ ಮೇಲೆ ಬೆರಳಿಟ್ಟು "ಇದನ್ನು ಓದು" ಅಂದೆ. ಓದಲಿಲ್ಲ. ಒಂದು ಪದ? ಇಲ್ಲ. ಒಂದು ಅಕ್ಷರ? ನನ್ನ ಮುಖ ನೋಡಿದ. ಮೂರು ತಿಂಗಳು ಅವನು ಕನ್ನಡ ಬರೆದೇ ಇರಲಿಲ್ಲ. ಚಿತ್ರ ಬಿಡಿಸಿದ್ದ.

ಮರುದಿನದಿಂದ ಬೆಳಗ್ಗೆ ಒಂದು ಗಂಟೆ ಅವನನ್ನು ಪಕ್ಕದ ನಲಿ-ಕಲಿ ಕೋಣೆಯಲ್ಲಿ ಕೂರಿಸಿದೆ. ನಲಿ-ಕಲಿ ಗೊತ್ತಲ್ವಾ? 1995ರ ಹೊತ್ತಿಗೆ ನಮ್ಮ ಪಕ್ಕದ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು. ನಾಗರಹೊಳೆ ಕಾಡಿನ ಆ ಬದಿ ಅವರು, ಈ ಬದಿ ನಾವು. ಅಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆ ನೋಡಿ ಬಂದು ಕಟ್ಟಿದ ಪದ್ಧತಿ. 2009ರ ಸುಮಾರಿಗೆ ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳಿಗೂ ಬಂತು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ತಟ್ಟೆಗಳಾಗಿ, ಅಂದರೆ ಗುಂಪುಗಳಾಗಿ, ಕೂರುತ್ತಾರೆ. ಗೋಡೆ ಮೇಲೆ ಕಲಿಕಾ ಏಣಿ. ಒಂದು ಕಾರ್ಡ್ ಮುಗಿಸಿದರೆ ಮುಂದಿನ ಮೆಟ್ಟಿಲು. ಹತ್ತು ದಿನ ಬರದೇ ಇದ್ದ ಮಗು ವಾಪಸ್ ಬಂದಾಗ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಹತ್ತುತ್ತದೆ. ಲೈನ್ ಮನೆ ಮಕ್ಕಳಿಗೆ ಇದಕ್ಕಿಂತ ಹೊಂದುವ ಪದ್ಧತಿ ನಾನು ನೋಡಿಲ್ಲ. ಕಾರ್ಡ್‌ಗಳು ಹರಿದಿರುತ್ತವೆ, ಟೀಚರ್ ಒಬ್ಬರೇ ಇರುತ್ತಾರೆ, ಎಲ್ಲ ನಿಜ. ಆದರೂ ಅದರ ಒಳಗಿನ ಯೋಚನೆ ಮಗುವಿನ ಪರ.

ಹುಡುಗನಿಗೆ ಅವಮಾನ ಆಯಿತು. ಒಂಬತ್ತು ವರ್ಷದವನು ಆರು ವರ್ಷದವರ ಜೊತೆ ಕೂರಬೇಕು. ಎರಡು ದಿನ ಮೂಲೆಯಲ್ಲಿ ಗೋಡೆಗೆ ಮುಖ ಹಾಕಿ ಕೂತ. ಮಟ್ಟಕ್ಕೆ ತಕ್ಕ ಹಾಗೆ ಗುಂಪು ಮಾಡಿ ಅಂತ ತರಬೇತಿಯಲ್ಲಿ ಸುಲಭವಾಗಿ ಹೇಳುತ್ತಾರೆ. ಈ ಎರಡು ದಿನದ ಬಗ್ಗೆ ಹೇಳುವುದಿಲ್ಲ. ಕೊನೆಗೆ ಕಾರ್ಡ್ ಹಂಚುವ ಕೆಲಸ ಅವನಿಗೆ ಕೊಟ್ಟೆವು. ಕೆಲಸ ಸಿಕ್ಕಿದ ಮೇಲೆ ಗೋಡೆ ಬಿಟ್ಟ.

'ರ ಗ ಸ ದ ಅ' ಬೇಗ ಬಂತು. ಅವನು ಮೊದಲು ಓದಿದ ಪದ 'ಗರಗಸ'. ಮರಗಸಿ, ಅಂದರೆ ತೋಟದ ನೆರಳು ಮರಗಳ ಕೊಂಬೆ ಸವರುವ ಕೆಲಸ, ಮಾಡುವ ಅಪ್ಪನ ಮಗ, ಗರಗಸ ಗೊತ್ತಿಲ್ಲದೆ ಇರುತ್ತಾ. 'ಮ' ಮಾತ್ರ ಕಾಡಿತು. ಕಾರ್ಡ್ ತೋರಿಸಿದರೆ "ಗೊಸ್" ಅನ್ನುತ್ತಿದ್ದ. ಮ ಅಂತ ನಾನು, ಗೊಸ್ ಅಂತ ಅವನು. ಹಟ ಅಂದುಕೊಂಡೆ. ಒಂದು ದಿನ ಕಿಟಕಿ ಹೊರಗಿನ ಸಿಲ್ವರ್ ಓಕ್ ತೋರಿಸಿ "ಗೊಸ್" ಅಂದ. ಆಗ ಗೊತ್ತಾಯಿತು. ಕಾರ್ಡಿನಲ್ಲಿ ಮರದ ಚಿತ್ರ ಇತ್ತು. ಅವರ ಭಾಷೆಯಲ್ಲಿ ಮರಕ್ಕೆ ಗೊಸ್. ಚಿತ್ರ ನೋಡಿ ಅವನು ಸರಿಯಾದ ಉತ್ತರವನ್ನೇ ಕೊಡುತ್ತಿದ್ದ, ನಾನು ಮೂರು ವಾರ ತಪ್ಪು ಅನ್ನುತ್ತಿದ್ದೆ.

ಭಾಷೆಯ ವಿಷಯ ಬಂತಲ್ಲ, ಒಂದು ಮಾತು. ರಾಜ್ಯ ಶಿಕ್ಷಣ ನೀತಿಗಾಗಿ ಸುಖದೇವ್ ಥೋರಟ್ ಅವರ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲಿ ಕಲಿಕೆ ಇರಲಿ ಅಂತ ಅದರಲ್ಲಿದೆ. ನಾನು ಒಪ್ಪುತ್ತೇನೆ. ಆದರೆ ನನ್ನ ಕೋಣೆಗೆ ಬಂದು ನೋಡಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವ ಭಾಷೆ, ತಮಿಳು, ಅಸ್ಸಾಮಿ. ಕನ್ನಡ ಇಲ್ಲಿ ಬಹಳ ಮಕ್ಕಳಿಗೆ ಎರಡನೆಯ ಭಾಷೆ, ಕೆಲವರಿಗೆ ಮೂರನೆಯದು. ಅದನ್ನು ಮನೆಮಾತು ಅಂದುಕೊಂಡು ಬರೆದ ಪಾಠ ಇಲ್ಲಿ ಮೊದಲ ಪುಟದಲ್ಲೇ ಮುಗ್ಗರಿಸುತ್ತದೆ. ಇನ್ನು ಶಾಲೆಯ ಭಾಷೆ ಯಾವುದು ಅನ್ನುವುದು ಪೋಷಕರ ಆಯ್ಕೆ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ದುಡ್ಡಿದ್ದವರು ಆಯ್ಕೆ ಮಾಡಿಕೊಂಡಿದ್ದಾರೆ. ನಾನೂ ಅವರಲ್ಲಿ ಒಬ್ಬಳು. ಅರೆಭಾಷೆ ಮಾತಾಡುವ ಮನೆಯವಳು, ಕನ್ನಡ ಕಲಿಸಿ ಸಂಬಳ ತಗೊಳ್ಳುವವಳು, ಮಗಳನ್ನು ಕಾನ್ವೆಂಟಿಗೆ ಕಳಿಸಿದೆ. ಸ್ಟಾಫ್ ರೂಮಿನಲ್ಲಿ ಈ ಮಾತು ಬಂದಾಗ ನಾನು ಟೀ ಲೋಟ ತೊಳೆಯಲು ಎದ್ದು ಹೋಗುತ್ತೇನೆ.

ಹುಡುಗನ ವಿಷಯಕ್ಕೆ ಬರುತ್ತೇನೆ. ಡಿಸೆಂಬರ್ ಕೊನೆಗೆ ಅವನು ಸಣ್ಣ ಸಣ್ಣ ಪದ ಕೂಡಿಸಿ ಓದುತ್ತಿದ್ದ. ಇನ್ನೆರಡು ತಿಂಗಳು ಸಿಕ್ಕಿದ್ದರೆ ಸಾಲು ಓದುತ್ತಿದ್ದ. ಜನವರಿ ಬಂತು. ಹುಡುಗ ಇಲ್ಲ.

ತೋಟದಲ್ಲಿ ಮಕ್ಕಳನ್ನು ದುಡಿಸುತ್ತಾರೆ, ಅದಕ್ಕೇ ಬರುವುದಿಲ್ಲ ಅಂತ ಪೇಟೆಯವರು ಅಂದುಕೊಳ್ಳುತ್ತಾರೆ. ನಾನು ನೋಡಿದ್ದು ಬೇರೆ. ಕೊಯ್ಲಿನಲ್ಲಿ ಕೂಲಿ ಕೆಜಿ ಲೆಕ್ಕ. ಹೆಚ್ಚು ಕೊಯ್ದರೆ ಹೆಚ್ಚು ದುಡ್ಡು. ವರ್ಷದಲ್ಲಿ ಕೈಗೆ ಒಂದಿಷ್ಟು ಉಳಿಯುವುದು ಈ ಎರಡು ತಿಂಗಳಲ್ಲೇ. ಹಾಗಾಗಿ ಮನೆಯಲ್ಲಿ ದೊಡ್ಡವರು ಯಾರೂ ಉಳಿಯುವುದಿಲ್ಲ. ಒಂದೂವರೆ ವರ್ಷದ ತಂಗಿಯನ್ನು ಯಾರು ನೋಡಬೇಕು? ಅಂಗನವಾಡಿಗೆ ಮೂರು ವರ್ಷ ಆಗಬೇಕು. ಲೈನಿನಲ್ಲಿ ಒಂಟಿಯಾಗಿ ಬಿಟ್ಟರೆ ಆನೆ ಭಯ. ಅಣ್ಣ ಮನೆಯಲ್ಲಿ ಉಳಿಯುತ್ತಾನೆ, ಇಲ್ಲವೇ ತಂಗಿಯನ್ನು ಸೊಂಟದ ಮೇಲೆ ಹೊತ್ತು ತೋಟಕ್ಕೆ ಹೋಗುತ್ತಾನೆ. ಶಾಲೆ ತಪ್ಪಿದ್ದಕ್ಕೆ ಕಾರಣ ಕಾಫಿ ಅಲ್ಲವೇ ಅಲ್ಲ ಅನ್ನಲಾರೆ. ಆದರೆ ಕೈ ಹಿಡಿದು ಎಳೆದದ್ದು ಆ ಕೂಸು.

ಇದು ಹೊಸ ಸಮಸ್ಯೆಯೂ ಅಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿದ್ದರು: 50 ಅಥವಾ ಜಾಸ್ತಿ ಹೆಂಗಸರು ಕೆಲಸ ಮಾಡುವ ತೋಟದಲ್ಲಿ ಶಿಶುವಿಹಾರ ಇರಬೇಕು, ಅವರ ಮಕ್ಕಳು 20 ಇದ್ದರೂ ಇರಬೇಕು ಅಂತ ಆಮೇಲೆ ಸೇರಿಸಿದರು. ದೊಡ್ಡ ಕಂಪನಿ ತೋಟಗಳಿಗೆ ಸರಿ. ಹತ್ತು ಹದಿನೈದು ಎಕರೆಯ ತೋಟಗಳಿಗೆ ಅದು ಮುಟ್ಟಲೇ ಇಲ್ಲ. ಕೊಡಗಿನಲ್ಲಿ ಅಂಥ ಸಣ್ಣ ತೋಟಗಳೇ ಜಾಸ್ತಿ. ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಅಂತ ಸರ್ಕಾರ 2023ರಲ್ಲಿ ಶುರು ಮಾಡಿತು. ಅದು ಮುಖ್ಯವಾಗಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರಿಗೆ ಅಂತ ಬಂದದ್ದು. ಎರಡರ ನಡುವಿನ ಸಂದಿಯಲ್ಲಿ ನಮ್ಮ ಹುಡುಗ.

ಮುಂದಿನ ಕೊಯ್ಲಿಗೆ ನಾವು ಒಂದು ಸಣ್ಣ ಪ್ರಯತ್ನ ಮಾಡಿದೆವು. ಪಕ್ಕದ ತೋಟದ ಮಾಲೀಕರ ಹೆಂಡತಿ ಲೈನಿನ ತುದಿಯ ಖಾಲಿ ಗೊಬ್ಬರದ ಕೋಣೆ ತೊಳೆಸಿ ಕೊಟ್ಟರು. ಕೊಯ್ಲಿಗೆ ಹೋಗಲಾರದ ಒಬ್ಬ ಅಜ್ಜಿ ಬೆಳಗ್ಗೆ ಏಳೂವರೆಯಿಂದ ಕೂಸುಗಳನ್ನು ನೋಡಿಕೊಂಡರು. ತಾಯಂದಿರು ದಿನಕ್ಕೆ ಇಷ್ಟು ಅಂತ ಕೂಡಿಸಿ ಕೊಟ್ಟರು, ಕಮ್ಮಿ ಬಿದ್ದದ್ದನ್ನು ಆ ಅಮ್ಮ ತುಂಬಿದರು. ಆ ಜನವರಿಯಲ್ಲಿ ನನ್ನ ಕೆಂಪು ಪೆನ್ನಿಗೆ ಕೆಲಸ ಕಮ್ಮಿಯಾಯಿತು. ಹುಡುಗ ಬಂದ. ಬಹುತೇಕ ದಿನ ಬಂದ. ಕಲಿಕಾ ಗುಣಮಟ್ಟ ಹೆಚ್ಚಿಸಲು ನೀವು ಕೈಗೊಂಡ ಕ್ರಮಗಳೇನು ಅಂತ ಆ ವರ್ಷ ಒಂದು ನಮೂನೆ ತುಂಬಬೇಕಿತ್ತು. 'ಅಜ್ಜಿ' ಅಂತ ಬರೆಯಲು ಅದರಲ್ಲಿ ಕಾಲಂ ಇರಲಿಲ್ಲ.

ಆ ತಿಂಗಳೇ ಇನ್ನೊಂದು ಘಟನೆ. ಬೋರ್ಡ್ ಮೇಲೆ 78ನ್ನು 5ರಿಂದ ಗುಣಿಸಲು ಕೊಟ್ಟಿದ್ದೆ. ಹುಡುಗ 3540 ಅಂತ ಬರೆದಿದ್ದ. ಐದೆಂಟ್ಲೆ ನಲವತ್ತು, ಐದೇಳ್ಲೆ ಮೂವತ್ತೈದು, ಎರಡನ್ನೂ ಅಕ್ಕಪಕ್ಕ ಇಟ್ಟುಬಿಟ್ಟಿದ್ದ.

"ನಿಮ್ಮಮ್ಮ ಎಪ್ಪತ್ತೆಂಟು ಕೆಜಿ ಕೊಯ್ದರೆ, ಕೆಜಿಗೆ ಐದು ರೂಪಾಯಿ, ಎಷ್ಟು ಸಿಗಬೇಕೋ ಮರಿ?"

"ಮುನ್ನೂರ ತೊಂಬತ್ತು, ಟೀಚರ್." ಉಸಿರು ತಗೊಳ್ಳಲೂ ಇಲ್ಲ.

"ಅಪ್ಪ ತೊಂಬತ್ತಾರು ಕೊಯ್ದರೆ?"

"ಇಬ್ಬರದೂ ಸೇರಿ ಎಂಟುನೂರ ಎಪ್ಪತ್ತು."

"ಹಾಗಾದರೆ ಇಲ್ಲಿ ಮೂರು ಸಾವಿರದ ಐನೂರು ಹೇಗೆ ಬಂತು?"

ಬೋರ್ಡ್ ನೋಡಿದ. ನನ್ನನ್ನು ನೋಡಿದ. ಇಷ್ಟೂ ಗೊತ್ತಾಗುವುದಿಲ್ವಾ ಅನ್ನುವ ಹಾಗೆ ಹೇಳಿದ: "ಅದು ಲೆಕ್ಕ, ಟೀಚರ್. ಇದು ದುಡ್ಡು."

ಆಮೇಲೆ ಒಂದು ವರ್ಷ ಕಳೆದು, 2025ರ ಫೆಬ್ರವರಿಯಲ್ಲಿ, 'ನೇಚರ್' ಪತ್ರಿಕೆಯಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರ ಅಧ್ಯಯನ ಬಂತು. ಕೋಲ್ಕತ್ತ, ದೆಹಲಿಯ ಸಂತೆಗಳಲ್ಲಿ ಕೂತು ವ್ಯಾಪಾರ ಮಾಡುವ ಮಕ್ಕಳು ಕಷ್ಟದ ಲೆಕ್ಕವನ್ನು ಬಾಯಲ್ಲೇ ಮಾಡುತ್ತಾರೆ, ಅದನ್ನೇ ಶಾಲೆಯ ಹಾಗೆ ಬರೆದುಕೊಟ್ಟರೆ ತಡವರಿಸುತ್ತಾರೆ. ಶಾಲೆಯ ಮಕ್ಕಳದ್ದು ಉಲ್ಟಾ, ಬರೆದ ಲೆಕ್ಕ ಬರುತ್ತದೆ, ಅಂಗಡಿ ಲೆಕ್ಕ ಬರುವುದಿಲ್ಲ. ಪತ್ರಿಕೆಯಲ್ಲಿ ಇದನ್ನು ಓದಿದಾಗ ನನಗೆ ಆ ಹುಡುಗನ ಮುಖವೇ ಕಂಡದ್ದು. ಅಷ್ಟು ದೊಡ್ಡವರು ಅಷ್ಟು ಪುಟ ಬರೆದದ್ದನ್ನು ಇವನು ನಾಲ್ಕು ಪದದಲ್ಲಿ ಹೇಳಿದ್ದ.

ಅವತ್ತಿನಿಂದ ನಮ್ಮ ಗುಣಾಕಾರ ಕಣದಲ್ಲೇ ನಡೆಯಿತು. ಚೀಲ, ತೂಕ, ದರ. ಮೊದಲು ಬಾಯಲ್ಲಿ ಉತ್ತರ, ಆಮೇಲೆ ಪುಸ್ತಕದಲ್ಲಿ ಅದೇ ಉತ್ತರ ಬರುವ ತನಕ ಬರೆಯುವುದು. ನಲವತ್ತರ ನಾಲ್ಕು ಎಲ್ಲಿಗೆ ಹೋಯಿತು ಅಂತ ಹುಡುಕುವುದು. ಎರಡು ವಾರ ಹಿಡಿಯಿತು.

ಪರೀಕ್ಷೆ? ಅದು 2024ರ ಮಾರ್ಚ್, ಅವನು ಐದನೇ ತರಗತಿ. ಆ ವರ್ಷದ ಕಥೆ ನಿಮಗೆ ನೆನಪಿರಬಹುದು. ಐದು, ಎಂಟು, ಒಂಬತ್ತಕ್ಕೆ ಬೋರ್ಡ್ ಪರೀಕ್ಷೆ ಮಾರ್ಚ್ 11ಕ್ಕೆ ಶುರುವಾಯಿತು. ಮರುದಿನವೇ ಸುಪ್ರೀಂ ಕೋರ್ಟ್ ತಡೆ. 22ಕ್ಕೆ ಹೈಕೋರ್ಟ್ ನಡೆಸಿ ಅಂದಿತು. 25ರಿಂದ ಉಳಿದ ಪತ್ರಿಕೆ ಬರೆಸಿದೆವು. ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆ ಕೊಟ್ಟಿತು. ಹತ್ತು ಹನ್ನೊಂದು ವರ್ಷದ ಮಕ್ಕಳು "ಟೀಚರ್, ನಾಳೆ ಪರೀಕ್ಷೆ ಉಂಟಾ?" ಅಂತ ಕೇಳಿದರೆ ನನ್ನಲ್ಲಿ ಉತ್ತರ ಇರಲಿಲ್ಲ.

ಬೋರ್ಡ್ ಪರೀಕ್ಷೆ ಬೇಕು ಅನ್ನುವವರ ಸಿಟ್ಟು ನನಗೆ ಅರ್ಥ ಆಗುತ್ತದೆ. ಎಲ್ಲರನ್ನೂ ಪಾಸ್ ಮಾಡುತ್ತಾ ಹೋದರೆ ಓದು ಬಾರದವನು ಹೈಸ್ಕೂಲ್ ತಲುಪುತ್ತಾನೆ, ಹೌದು. ಹಳ್ಳಿ ಮಕ್ಕಳ ಕಲಿಕೆಯ ಸಮೀಕ್ಷೆ ಅಸರ್‌ನ ವರದಿ ನೋಡಿ: ದೇಶದ ಹಳ್ಳಿಗಳ ಸರ್ಕಾರಿ ಶಾಲೆಗಳಲ್ಲಿ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು 2022ರಲ್ಲಿ ಶೇ 16.3, 2024ರಲ್ಲಿ ಶೇ 23.4. ಏರಿಕೆ ಕಂಡಿದೆ, ಸಂತೋಷ. ಆದರೂ ನಾಲ್ಕರಲ್ಲಿ ಮೂವರಿಗೆ ಓದಲು ಬರುವುದಿಲ್ಲ. ಮೂರನೇ ತರಗತಿಯಲ್ಲಿ ಬಾರದ್ದು ಐದನೆಯದರ ಮಾರ್ಚ್‌ನಲ್ಲಿ ಪ್ರಶ್ನೆಪತ್ರಿಕೆ ಕೊಟ್ಟರೆ ಬರುತ್ತಾ? ಫೇಲ್ ಮಾಡಿ ಅದೇ ಬೆಂಚಿನಲ್ಲಿ ಇನ್ನೊಂದು ವರ್ಷ ಕೂರಿಸಿದರೆ, ಇನ್ನೊಂದು ಜನವರಿ ಬರುತ್ತದೆ. ನನ್ನ ದೂರು ಇಷ್ಟೇ: ಮೂರನೆಯದರವರೆಗೆ ಏಣಿ ಕೊಟ್ಟು, ನಾಲ್ಕನೆಯದರಲ್ಲಿ ಏಣಿ ತೆಗೆದುಬಿಡುತ್ತೇವೆ. ಹತ್ತುತ್ತಿದ್ದವನು ಎಲ್ಲಿದ್ದ ಅಂತ ನೋಡುವುದಿಲ್ಲ. ಅಲ್ಲಿಂದ ಮುಂದೆ ಪಠ್ಯಪುಸ್ತಕ ಇದೆ, ತಿಂಗಳ ಪಾಠಪಟ್ಟಿ ಇದೆ. ನಾಲ್ಕು, ಐದಕ್ಕೂ ದಿನಕ್ಕೆ ಒಂದು ಗಂಟೆ ಮಟ್ಟಕ್ಕೆ ತಕ್ಕ ಓದು ಇಡಿ. ಪರೀಕ್ಷೆ ಏನು ಬೇಕಾದರೂ ಮಾಡಿಕೊಳ್ಳಿ.

ಎಸ್ಸೆಸ್ಸೆಲ್ಸಿಯ 33, 35ರ ಜಗಳದಲ್ಲಿ ನನಗೆ ಆಸಕ್ತಿ ಇಲ್ಲ. ಆ ಎರಡು ಅಂಕದಿಂದ ಯಾರೋ ಒಬ್ಬಳು ನರ್ಸಿಂಗ್ ಸೇರಿದರೆ ಸೇರಲಿ. ಫಲಿತಾಂಶದ ದಿನ ಮಾತ್ರ ಒಂದು ಕಿರಿಕಿರಿ. 2024ರಲ್ಲಿ ಪರೀಕ್ಷಾ ಕೋಣೆಯನ್ನು ಕ್ಯಾಮೆರಾದಲ್ಲಿ ನೇರ ನೋಡುವ ವೆಬ್‌ಕಾಸ್ಟಿಂಗ್ ಬಂದು ನಕಲು ನಿಂತಿತು, ಕೃಪಾಂಕ ಶೇ 20ಕ್ಕೆ ಏರಿಸಿದರೂ ರಾಜ್ಯದ ಫಲಿತಾಂಶ 83.89ರಿಂದ 73.40ಕ್ಕೆ ಇಳಿಯಿತು. ಆಗಲೂ ಕೊಡಗು ನಾಲ್ಕನೆಯ ಸ್ಥಾನ. 2025ರಲ್ಲಿ ಐದನೆಯದು. ವಾಟ್ಸ್‌ಆ್ಯಪ್ ತುಂಬ ಅಭಿನಂದನೆ. ನನಗೂ ಹೆಮ್ಮೆಯೇ, ನಮ್ಮ ಹೈಸ್ಕೂಲ್ ಮೇಷ್ಟ್ರುಗಳು ಸಂಜೆ ಆರರವರೆಗೆ ಕೂತು ಓದಿಸುವುದನ್ನು ಕಣ್ಣಾರೆ ನೋಡಿದ್ದೇನೆ. ಆದರೆ ಆ ಶೇಕಡಾ ಪರೀಕ್ಷೆ ಹಾಲ್‌ಗೆ ಬಂದು ಕೂತವರದ್ದು. ಅವರ ಜೊತೆ ಒಂದನೇ ತರಗತಿಯಲ್ಲಿ ಕೂತಿದ್ದ ಹಾಡಿಯ ಹುಡುಗಿ, ಲೈನಿನ ಹುಡುಗ, ಅವರು ಯಾವ ಶೇಕಡಾದಲ್ಲೂ ಇಲ್ಲ.

ರಜೆ ಬದಲಾಯಿಸಿ ಅನ್ನುವ ಮಾತೂ ಆಗಾಗ ಬರುತ್ತದೆ. ಬೇಸಿಗೆ ರಜೆಯನ್ನು ಮಳೆಗಾಲಕ್ಕೆ ತರಬಾರದಾ ಅಂತ 2025ರಲ್ಲಿ ಕೇರಳದ ಶಿಕ್ಷಣ ಸಚಿವರೇ ಚರ್ಚೆಗೆ ಬಿಟ್ಟಿದ್ದರು. ಕೊಡಗಿಗೆ ಇದು ಇನ್ನೂ ಚೆನ್ನಾಗಿ ಹೊಂದುತ್ತದೆ. ಜುಲೈನಲ್ಲಿ ಸಂಜೆ ಆದರೆ ಎಲ್ಲರ ಕಣ್ಣೂ ಜಿಲ್ಲಾಧಿಕಾರಿಗಳ ಆದೇಶದ ಮೇಲೆ. ಕಳೆದ ದಿನಗಳನ್ನು ಶನಿವಾರ ಮಧ್ಯಾಹ್ನ ತುಂಬಿಸುತ್ತೇವೆ, ಮಕ್ಕಳು ತೂಕಡಿಸುತ್ತಾರೆ. ಇದನ್ನು ಸರಿಮಾಡಬಹುದು. ಜನವರಿಗೂ ರಜೆ ಕೊಡಿ ಅಂತ ಒಬ್ಬ ಮಾಲೀಕರು ನನಗೆ ಹೇಳಿದರು. ಅದು ಬೇಡ. ಶಾಲೆ ಮುಚ್ಚಿದರೆ ತೋಟಕ್ಕೆ ಕೂಸು ಹೊತ್ತು ಹೋದವನು ಬರಿಗೈಯಲ್ಲಿ ನಿಂತಿರುವುದಿಲ್ಲ, ಅವನೂ ಕೊಯ್ಯಲು ಶುರು ಮಾಡುತ್ತಾನೆ.

2024ರ ಏಪ್ರಿಲ್‌ನಲ್ಲಿ ಹುಡುಗನ ಮನೆಯವರು ಬಿಹುಗೆ ಅಂತ ಊರಿಗೆ ಹೊರಟರು. ಟಿಸಿ ತಗೊಳ್ಳಲಿಲ್ಲ, ವಾಪಸ್ ಬರುತ್ತೇವೆ ಅಂದರು. ಜೂನ್‌ನಲ್ಲಿ ಅಪ್ಪನ ಫೋನ್ ಹಚ್ಚಿದೆ, ನಂಬರ್ ಚಾಲ್ತಿಯಲ್ಲಿರಲಿಲ್ಲ. ಮಕ್ಕಳ ದಾಖಲೆ ಇಡುವ ತಂತ್ರಾಂಶ ಸ್ಯಾಟ್ಸ್‌ನಲ್ಲಿ ಅವನ ಹೆಸರು ಬಹಳ ದಿನ ಹಾಗೇ ಇತ್ತು. ಐದು ಮುಗಿಸಿದ ಮಗು ಆರಕ್ಕೆ ಎಲ್ಲಿ ಸೇರಿತು ಅಂತ ಮೇಲಿನವರು ಕೇಳುತ್ತಾ ಇದ್ದರು. ನಾನು ಲೈನಿನಲ್ಲಿ ಕೇಳಿದೆ. ಕೇರಳ ಅಂದರು ಒಬ್ಬರು, ಸಕಲೇಶಪುರದ ಕಡೆ ತೋಟ ಅಂದರು ಇನ್ನೊಬ್ಬರು.

ಕಳೆದ ತಿಂಗಳು ಬೀರು ಖಾಲಿ ಮಾಡುವಾಗ ಅವನ ಗಣಿತದ ನೋಟ್ ಪುಸ್ತಕ ಸಿಕ್ಕಿತು. ಅದೇ ದುಂಡು ಅಕ್ಷರ. ಹಿಂದಿನಿಂದ ತೆರೆದರೆ ಕೊನೆಯ ಮೂರು ಪುಟ ನಾನು ಕೊಟ್ಟ ಲೆಕ್ಕ ಅಲ್ಲ. ತಾರೀಕು. 'ಅಮ್ಮ', 'ಅಪ್ಪ' ಅಂತ ಎರಡು ಕಾಲಂ. ಕೆಜಿ. ಪಕ್ಕದಲ್ಲಿ ಐದರಿಂದ ಗುಣಾಕಾರ, ದಶಕ ಮೇಲೆ ಬರೆದುಕೊಂಡು, ನಾನು ಹೇಳಿಕೊಟ್ಟ ಹಾಗೇ. ಫೆಬ್ರವರಿಯ ಒಂದು ದಿನದ ಕೆಳಗೆ, ಚೀಲದ ತೂಕ ಕಳೆದು ಲೆಕ್ಕ ಬರೆಯುವ ತೋಟದ ಗುಮಾಸ್ತ, ಅಂದರೆ ರೈಟರ್, ಬಗ್ಗೆ ಒಂದು ಸಾಲು: 'ಚೀಲಕ್ಕೆ 1 ಕೆಜಿ. ರೈಟರ್ 2 ಕೆಜಿ ತೆಗದರು. 4 ಚೀಲ. 20 ರೂಪಾಯಿ ಕಮ್ಮಿ.'

ಕೂತು ಎಲ್ಲವನ್ನೂ ಇನ್ನೊಮ್ಮೆ ಗುಣಿಸಿ ನೋಡಿದೆ. ಲೆಕ್ಕ ಸರಿ ಇತ್ತು.